ವಿಮಾನದ ಎಲೆಕ್ಟ್ರಾನಿಕ್ಸ್ ಟೆಸ್ಟಿಂಗ್ ಬಗ್ಗೆನೂ ಶಿಕ್ಷಣ ಪುಟದಾಗ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಶಿಕ್ಷಣ ಪುಟ ನಾನು ತಪ್ಪದೆ ಓದ್ತೀನಿ. ಡಿಪ್ಲೊಮಾ ಆದಮ್ಯಾಲೆ ಮುಂದೇನು ಅಂತ ಬರೆಯೋವಾಗ ಸಾಫ್ಟ್‌ವೇರ್, ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆ ಇವೇ ತಿರುಗಿ ತಿರುಗಿ ಬರ್ತಾವ, ವಿಮಾನ ಅಂದ್ರ ಪೈಲಟ್ ಇಲ್ಲಾ ವಿಜ್ಞಾನಿ, ಮುಗೀತು. ಯುದ್ಧವಿಮಾನದ ಎಲೆಕ್ಟ್ರಾನಿಕ್ಸ್ ಟೆಸ್ಟ್ ಮಾಡೋ ಕೆಲ್ಸದ ಬಗ್ಗೆ ಒಂದು ಸಾಲು ಬಂದಿದ್ದೂ ನಾನು ನೋಡಿಲ್ಲ. ಬೆಂಗಳೂರಾಗ ಅದೇ ಕೆಲ್ಸಕ್ಕ ಟೆಕ್ನಿಷಿಯನ್ ಆಗಿ ಸೇರಿ ಇಂಜಿನಿಯರಿಂಗ್ ಮ್ಯಾನೇಜರ್ ಆಗಿ ರಿಟೈರ್ ಆದವ ನಾನು, ಈಗ ಗಂಗಾವತಿಯಾಗ ಅದೀನಿ, ಅದಕ್ಕ ಈ ಪತ್ರ.

ಯುದ್ಧವಿಮಾನದ ಒಳಗ ಮಿಷನ್ ಕಂಪ್ಯೂಟರ್, ಡಿಸ್‌ಪ್ಲೇ, ರೇಡಿಯೋ, ರಾಡಾರ್ ವಾರ್ನಿಂಗ್ ಅಂತ ಬೇರೆ ಬೇರೆ ಬಾಕ್ಸ್ ಇರ್ತಾವ, ಎಲ್‌ಆರ್‌ಯು ಅಂತೀವಿ, ಕೆಟ್ರ ಬಿಚ್ಚಿ ಅಲ್ಲೇ ಇನ್ನೊಂದು ಕೂರಿಸೋ ಹಂಗ ಮಾಡಿರ್ತಾರ. ಮನಿ ಕರೆಂಟು 230 ವೋಲ್ಟ್ 50 ಹರ್ಟ್ಜ್, ಅಲ್ಲಿ 115 ವೋಲ್ಟ್ 400 ಹರ್ಟ್ಜ್, ಜೊತಿಗೆ 28 ವೋಲ್ಟ್ ಡಿಸಿ, ಯಾಕಂದ್ರ ಫ್ರೀಕ್ವೆನ್ಸಿ ಜಾಸ್ತಿ ಇದ್ರ ಟ್ರಾನ್ಸ್‌ಫಾರ್ಮರು ಮೋಟಾರು ಸಣ್ಣವಾಗಿ ತೂಕ ಉಳೀತೈತಿ. ಈ ಬಾಕ್ಸ್‌ಗಳ ನಡುವ ಡೇಟಾ ಹೋಗೋದು 1553ಬಿ ಅನ್ನೋ ಬಸ್ (ಎಲ್ಲಾ ಬಾಕ್ಸ್ ಹಂಚಿಕೊಳ್ಳೋ ಡೇಟಾ ಕೇಬಲ್) ಮ್ಯಾಲೆ, ಸೆಕೆಂಡಿಗೆ 10 ಲಕ್ಷ ಬಿಟ್, ಅದನ್ನ ನಡೆಸೋ ಬಸ್ ಕಂಟ್ರೋಲರ್ ಕೇಳಿದಾಗ ಮಾತ್ರ ಉಳಿದವು ಉತ್ರ ಕೊಡಬೇಕು. ಈಗಿನ ಹುಡುಗ್ರಿಗೆ ಈ ಸ್ಪೀಡು ಏನೂ ಅಲ್ಲ ಅನ್ಸಬೋದು, ಆದ್ರ ಒಂದು ಕೇಬಲ್ ಕಟ್ಟಾದ್ರ ಇನ್ನೊಂದು ರೆಡಿ ಇರ್ತೈತಿ, ಯಾವ ಉತ್ರ ಯಾವ ಹೊತ್ತಿಗೆ ಬರಬೇಕು ಅನ್ನೋದು ಮೊದ್ಲೇ ನಿಗದಿ ಆಗಿರ್ತೈತಿ, ಅಲ್ಲಿ ಬೇಕಾಗಿದ್ದು ಅದು.

ಬಾಕ್ಸು ಲ್ಯಾಬಿನ ಬೆಂಚ್ ಮ್ಯಾಲೆ ಪಾಸಾದ್ರ ಕೆಲ್ಸ ಮುಗೀಲಿಲ್ಲ, ಖರೇ ಪರೀಕ್ಷೆ ಅಲ್ಲಿಂದ ಶುರು. ಚೇಂಬರಿಗೆ ಹಾಕಿ ಸೊನ್ನೆಗಿಂತ 40 ಡಿಗ್ರಿ ಕೆಳಗ ಇಳಿಸ್ತೀವಿ, ಮತ್ತ 70 ದಾಟಿಸ್ತೀವಿ (ಬಾಕ್ಸ್ ವಿಮಾನದಾಗ ಎಲ್ಲಿ ಕೂರ್ತೈತಿ ನೋಡಿ ಈ ಲೆಕ್ಕ ಬದ್ಲಾಗ್ತೈತಿ), ಶೇಕರ್ ಮ್ಯಾಲೆ ಮೂರೂ ದಿಕ್ಕಿಗೆ ಅಲುಗಾಡಿಸ್ತೀವಿ, ಗಾಳಿ ಎಳೆದು ಎತ್ತರದಾಗ ಇರೋ ಒತ್ತಡ ಕೊಡ್ತೀವಿ ಯಾಕಂದ್ರ ತೆಳು ಗಾಳಿಯಾಗ ಬಾಕ್ಸ್ ತಣ್ಣಗಾಗಂಗಿಲ್ಲ, ಹೈವೋಲ್ಟೇಜ್ ಇದ್ದಲ್ಲಿ ಕಿಡಿ ಹಾರೋದೂ ಸುಲಭ, ಆಮೇಲೆ ಇಎಂಐ (ರೇಡಿಯೋ ಅಲೆಗಳ ಅಡಚಣಿ) ನೋಡೋ ಚೇಂಬರಿನಾಗ ಪಕ್ಕದ ರೇಡಿಯೋಕ್ಕ ಇದು ತೊಂದ್ರಿ ಕೊಡ್ತೈತೋ ಅದು ಇದಕ್ಕ ಕೊಡ್ತೈತೋ ನೋಡ್ತೀವಿ. ಎಲ್ಲಕ್ಕಿಂತ ಕಾಡೋದು ಬಂದು ಹೋಗೋ ಫಾಲ್ಟು. ಒಂದ್ಸಲ ಒಂದು ಬಾಕ್ಸು ಬೆಂಚ್ ಮ್ಯಾಲೆ ಚಲೋ ನಡೀತಿತ್ತು, ಚಳಿಯಾಗ ಅಲುಗಾಡಿಸಿದ್ರ ಮಾತ್ರ ತಾನೇ ರೀಸ್ಟಾರ್ಟ್ ಆಗ್ತಿತ್ತು, ಎಲ್ರೂ ಸಾಫ್ಟ್‌ವೇರ್ ಬೈಯ್ಯಾಕ ಹತ್ತಿದ್ರು, ನಮ್ಮ ಟೀಮಿನಾಗ ಸಿಂಧನೂರು ಕಡೆಯ ಡಿಪ್ಲೊಮಾ ಹುಡುಗಿ ಇದ್ಲು, ಆಕಿ ಪವರ್ ಲೈನಿಗೆ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತ ಪರದಿ ಮ್ಯಾಲೆ ತೋರಿಸೋ ಉಪಕರಣ) ಹಚ್ಚಿ ಕುಂತು ಕರೆಂಟು ಕಣ್ಣು ಮಿಟುಕಿಸೋದ್ರಾಗ ಹೋಗಿ ಬರೋದನ್ನ ಹಿಡಿದ್ಲು, ಕಡೀಗೆ ಕನೆಕ್ಟರಿನ ಒಂದು ಪಿನ್ನಿನ ಕ್ರಿಂಪ್, ಅಂದ್ರ ವೈರನ್ನ ಪಿನ್ನಿಗೆ ಒತ್ತಿ ಹಿಡಿಸಿದ ಜಾಗ, ಸಡಿಲ ಇತ್ತು. ಅದು ನೆಲದ ಮ್ಯಾಲೆ ಸಿಕ್ತು, ಆಕಾಶದಾಗ ಅಲ್ಲ. ಆ ಹುಡುಗಿ ಓದಿದ್ದು ನಮ್ಮ ಭಾಗದ ಸಾದಾ ಪಾಲಿಟೆಕ್ನಿಕ್ಕಿನಾಗ.

ತೇಜಸ್ ವಿಮಾನವನ್ನ 2001ರ ಜನವರಿ 4ಕ್ಕೆ ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಬೆಂಗಳೂರಾಗ ಮೊದಲ ಸಲ ಹಾರಿಸಿದ್ರಲ್ಲ, ಅದು ಎಲ್ರಿಗೂ ನೆನಪೈತಿ. ಅದರಾಗ ಪೈಲಟ್ ಹಿಡಿಯೋ ಸ್ಟಿಕ್ಕಿಂದ ರೆಕ್ಕಿಗೆ ಹೋಗೋದು ಎಲೆಕ್ಟ್ರಿಕಲ್ ಸಿಗ್ನಲ್ಲು, ಅದಕ್ಕ ಒಂದೇ ಕೆಲ್ಸ ಮಾಡೋ ನಾಲ್ಕು ಚಾನಲ್ಲು, ಒಂದು ಸುಳ್ಳು ಹೇಳಿದ್ರ ಉಳಿದ ಮೂರು ಅದನ್ನ ಹೊರಗ ಹಾಕಬೇಕು. ಹಂಗ ಹಾಕ್ತಾವ ಅಂತ ಗೊತ್ತಾಗೋದು ಯಾರೋ ಒಬ್ರು ನೆಲದ ಮ್ಯಾಲಿನ ಟೆಸ್ಟ್ ರಿಗ್ (ಪರೀಕ್ಷೆ ಮಾಡೋ ಸೆಟಪ್) ಮುಂದ ಕುಂತು ಬೇಕಂತಲೇ ತಪ್ಪು ಸಿಗ್ನಲ್ ಕೊಟ್ಟು ನೋಡಿದಾಗ. ಅವರ ಹೆಸ್ರು ಪೇಪರಿನಾಗ ಬರಂಗಿಲ್ಲ.

ಮ್ಯಾನೇಜರ್ ಆದಮ್ಯಾಲೆ ಕೈಯಾಗ ಮೀಟರ್ ಹಿಡಿಯೋದು ಕಡಿಮಿ ಆಗ್ತೈತಿ, ಟೆಸ್ಟ್ ಪ್ರೊಸೀಜರ್ ಸರಿ ಐತಾ, ಉಪಕರಣದ ಕ್ಯಾಲಿಬ್ರೇಷನ್ (ಅಳತಿ ಸರಿ ಐತೋ ಅಂತ ಹೋಲಿಸಿ ನೋಡೋದು) ತಾರೀಖು ಮುಗಿದಿಲ್ಲಾ, ಮಿಲಿಟರಿ ವಿಮಾನದ ಗುಣಮಟ್ಟ ನೋಡೋ ಸರಕಾರಿ ಸಂಸ್ಥೆ ಡಿಜಿಎಕ್ಯೂಎ ಇನ್‌ಸ್ಪೆಕ್ಟರು ಬಂದಾಗ ರೆಕಾರ್ಡ್ ಪೂರ್ತಿ ಐತಾ, ಮಿಲಿಟರಿ ವಿಮಾನ ಹಾರಾಕ ಯೋಗ್ಯ ಅಂತ ಸರ್ಟಿಫೈ ಮಾಡೋ ಸೆಮಿಲಾಕ್ ಕ್ಲಿಯರೆನ್ಸಿಗೆ ಏನೇನು ಕೇಳ್ಯಾರ, ಇದೇ ದಿನಾ. ಡೆಲಿವರಿ ತಾರೀಖು ಹತ್ರ ಬಂದಾಗ ಫೇಲ್ ಅಂತ ಬರೆದ ಜೂನಿಯರ್ ಹುಡುಗನ ಬೆನ್ನಿಗೆ ನಿಲ್ಲೋದು ಮ್ಯಾನೇಜರಿನ ದೊಡ್ಡ ಕೆಲ್ಸ ಅಂತ ನಾನು ನಂಬೀನಿ. ಡಿಸೈನ್ ಬರದವ್ರು ಟೆಸ್ಟಿಂಗಿಗೆ ಹೋಗ್ತಾರ ಅನ್ನೋ ಮಾತು ಕೇಳಿದ್ರ ನನಗ ಈಗ್ಲೂ ಸಿಟ್ಟು ಬರ್ತೈತಿ. ಡಿಸೈನ್ ಪೂರ್ತಿ ಓದ್ಕೊಳ್ದೆ ಅದು ಎಲ್ಲಿ ಕೈ ಕೊಡ್ತೈತಿ ಅಂತ ಹೆಂಗ ಹುಡುಕ್ತೀರಿ?

ಕೊಪ್ಪಳ, ರಾಯಚೂರು, ಬಳ್ಳಾರಿಯಾಗ ಎಲೆಕ್ಟ್ರಾನಿಕ್ಸ್ ಓದಿದ ಹುಡುಗ್ರು ಬಾಳ ಮಂದಿ ಅದಾರ. ತೋರಣಗಲ್ಲಿನ ಉಕ್ಕಿನ ಕಾರ್ಖಾನಿ, ಶಕ್ತಿನಗರದ ವಿದ್ಯುತ್ ಕೇಂದ್ರದಾಗ ಇನ್‌ಸ್ಟ್ರುಮೆಂಟೇಷನ್ (ಅಳತಿ ಉಪಕರಣಗಳ) ಕೆಲ್ಸ ಮಾಡೋರಿಗೆ ಕ್ಯಾಲಿಬ್ರೇಷನ್ ಅಂದ್ರ ಏನು ಅಂತ ಹೇಳಿಕೊಡೋದು ಬ್ಯಾಡ. ಬಳ್ಳಾರಿಯಿಂದ ಬೆಂಗಳೂರಿಗೆ ಹೋಗೋ ದಾರಿಯಾಗ ಚಳ್ಳಕೆರೆ ಹತ್ರ ಡಿಆರ್‌ಡಿಒ ಏರೋನಾಟಿಕಲ್ ಟೆಸ್ಟ್ ರೇಂಜ್ 2017ರಾಗ ಉದ್ಘಾಟನೆ ಆಗೈತಿ, ನಮ್ಮ ಎಷ್ಟು ಹುಡುಗ್ರಿಗೆ ಅಲ್ಲಿ ಏನು ನಡೀತೈತಿ ಅಂತ ಗೊತ್ತೈತಿ? ಎಚ್‌ಎಎಲ್, ಬಿಇಎಲ್ ಡಿಪ್ಲೊಮಾದವ್ರನ್ನ ಅಪ್ರೆಂಟಿಸ್ ತಗೋತಾವ, ಸ್ಟೈಪೆಂಡೂ ಐತಿ, ಆದ್ರ ನೋಟಿಫಿಕೇಷನ್ ಬಂದಿದ್ದು ಇಲ್ಲಿಗೆ ಗೊತ್ತಾಗೋದ್ರಾಗ ಕಡೆ ತಾರೀಖು ಹೋಗಿರ್ತೈತಿ.

ಅದಕ್ಕ ಕೇಳ್ಕೊಳ್ಳೋದು, ಈ ಕೆಲ್ಸದ ಬಗ್ಗೆ ಶಿಕ್ಷಣ ಪುಟದಾಗ ಒಂದು ಪೂರ್ತಿ ಲೇಖನ ಬರೀರಿ, ಅಪ್ರೆಂಟಿಸ್ ನೋಟಿಫಿಕೇಷನ್ ಬಂದ ದಿನವೇ ನಮ್ಮ ಮೂರೂ ಜಿಲ್ಲೆ ಆವೃತ್ತಿಯಾಗ ಹಾಕ್ರಿ. ಪಾಲಿಟೆಕ್ನಿಕ್ ಪ್ರಿನ್ಸಿಪಾಲರು ಯಾರಾದ್ರೂ ಕರೆದ್ರ ನಾನೇ ಬಂದು ಕ್ಲಾಸ್ ತಗೋತೀನಿ, ದುಡ್ಡು ಬ್ಯಾಡ, ಲ್ಯಾಬಿನಾಗ ನಡಿಯೋ ಒಂದು ಆಸಿಲೋಸ್ಕೋಪ್ ಇದ್ರ ಸಾಕು.

— ನಿವೃತ್ತ ಇಂಜಿನಿಯರಿಂಗ್ ಮ್ಯಾನೇಜರ್, ಗಂಗಾವತಿ, ಕೊಪ್ಪಳ ಜಿಲ್ಲೆ