ಕಂಪನಿಯ ಇಮೇಲ್ ಕಂಪನಿಯ ಹೆಸರಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ಝೋಹೊ ಎಂಬ ನಮ್ಮ ದೇಶದ ಸಾಫ್ಟ್‌ವೇರ್ ಕಂಪನಿಯ ವ್ಯವಸ್ಥೆಗೆ ಹೋಗಿದೆ ಎಂದು 2025ರ ಅಕ್ಟೋಬರ್‌ನಲ್ಲಿ ಸುದ್ದಿ ಬಂದಾಗಿನಿಂದ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಾಗಿ ಒಂದೇ ಪ್ರಶ್ನೆ. ನಾವೂ ಬದಲಾಯಿಸಬೇಕಾ ಸರ್, ಗೂಗಲ್ ಒಳ್ಳೇದಾ, ಮೈಕ್ರೋಸಾಫ್ಟ್ ಒಳ್ಳೇದಾ, ಝೋಹೊ ಒಳ್ಳೇದಾ? ನಾನು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯ ಸಣ್ಣ ಕಾರ್ಖಾನೆಗಳು ಮತ್ತು ವ್ಯಾಪಾರಿ ಸಂಸ್ಥೆಗಳಿಗೆ ಐಟಿ ಸಲಹೆ ಕೊಡುವವನು. ಮೂರರಲ್ಲಿ ಯಾವುದನ್ನು ತೆಗೆದುಕೊಂಡರೂ ಕೆಲಸ ನಡೆಯುತ್ತದೆ ಅಂತಲೇ ಹೇಳುತ್ತೇನೆ. ಆದರೆ ಆ ಸುದ್ದಿಯಲ್ಲಿ ನಮ್ಮ ಉದ್ಯಮಿಗಳು ಗಮನಿಸಬೇಕಾದ ಸಂಗತಿ ಬೇರೆಯೇ ಇತ್ತು. ಒಳಗಿನ ಸಾಫ್ಟ್‌ವೇರ್ ಬದಲಾಯಿತು, ನೌಕರರ ವಿಳಾಸ ಬದಲಾಗಲಿಲ್ಲ. ವಿಳಾಸದ ಕೊನೆಯಲ್ಲಿ ಬರುವ ಜಿಒವಿ ಡಾಟ್ ಇನ್, ಎನ್‌ಐಸಿ ಡಾಟ್ ಇನ್ ಹಾಗೇ ಉಳಿದವು. ಈ ಕೊನೆಯ ಭಾಗಕ್ಕೇ ಡೊಮೇನ್ ಎನ್ನುವುದು. ಮೊಬೈಲ್ ಪೋರ್ಟ್ ಮಾಡಿಸಿದರೆ ಕಂಪನಿ ಬದಲಾದರೂ ನಂಬರ್ ಅದೇ ಇರುತ್ತದಲ್ವಾ, ಹಾಗೆ. ವಿಳಾಸ ಸರ್ಕಾರದ ಸ್ವಂತದ್ದು, ಆದ್ದರಿಂದ ನಾಳೆ ಇನ್ನೊಂದು ಕಂಪನಿಗೆ ಹೋಗಬೇಕೆಂದರೂ ಯಾರ ಹಂಗೂ ಇಲ್ಲ.

ನಮ್ಮ ಸಣ್ಣ ಉದ್ಯಮಗಳಲ್ಲಿ ಇಲ್ಲದಿರುವುದು ಇದೇ. ಹತ್ತಿಪ್ಪತ್ತು ಕೋಟಿ ವಹಿವಾಟು ಇರುವ ಸಂಸ್ಥೆಯ ವಿಸಿಟಿಂಗ್ ಕಾರ್ಡ್ ಮೇಲೆ ಜಿಮೇಲ್ ವಿಳಾಸ ಇರುತ್ತದೆ. ಆ ಜಿಮೇಲ್ ಅನ್ನು ಎಂಟು ವರ್ಷದ ಹಿಂದೆ ಅಕೌಂಟ್ಸ್ ನೋಡುತ್ತಿದ್ದ ಯಾರೋ ತಮ್ಮ ಫೋನ್ ನಂಬರ್ ಕೊಟ್ಟು ತೆರೆದಿರುತ್ತಾರೆ. ಜಿಎಸ್‌ಟಿ, ಬ್ಯಾಂಕ್, ಟೆಂಡರ್, ವಿದ್ಯುತ್ ಬಿಲ್ ಎಲ್ಲವೂ ಅದಕ್ಕೇ ಜೋಡಣೆಯಾಗಿರುತ್ತದೆ. ಅವರು ಕೆಲಸ ಬಿಟ್ಟು ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಪಾಸ್‌ವರ್ಡ್ ಬದಲಾಯಿಸಬೇಕೆಂದರೆ ಒಟಿಪಿ ಅವರ ಫೋನಿಗೇ ಹೋಗುತ್ತದೆ. ಅವರು ಒಳ್ಳೆಯವರಾಗಿದ್ದರೆ ಹೇಳುತ್ತಾರೆ, ಮನಸ್ತಾಪದಲ್ಲಿ ಹೋಗಿದ್ದರೆ ಫೋನ್ ಎತ್ತುವುದಿಲ್ಲ. ಇಂಥ ಕಡೆ ನನ್ನನ್ನು ಕರೆದಾಗ ಮಾಲೀಕರ ಮುಖ ನೋಡಲು ನಿಜಕ್ಕೂ ಕಷ್ಟವಾಗುತ್ತದೆ. ಸ್ವಂತ ದುಡಿಮೆಯ ಸಂಸ್ಥೆಯ ಕಾಗದಪತ್ರ ತಮಗೇ ಸಿಗದೆ ಅವರು ಒದ್ದಾಡುತ್ತಿರುತ್ತಾರೆ.

ಇನ್ನು ವಾಟ್ಸ್‌ಆ್ಯಪ್. ಅದನ್ನು ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಲಾರಿ ಎಲ್ಲಿಗೆ ಬಂತು, ಕರೆಂಟ್ ಬಂತಾ, ಸಾಹೇಬರು ಕ್ಯಾಬಿನ್‌ನಲ್ಲಿ ಇದ್ದಾರಾ ಎಂದು ಕೇಳಲು ಅದಕ್ಕಿಂತ ಒಳ್ಳೆಯದು ಇಲ್ಲ. ತೊಂದರೆ ಶುರುವಾಗುವುದು ಆರ್ಡರ್, ರೇಟು, ಡ್ರಾಯಿಂಗ್ ಎಲ್ಲವೂ ಅದರಲ್ಲೇ ಓಡಾಡಲು ಶುರುವಾದಾಗ. ಬೆಳಗಾವಿಯ ಉದ್ಯಮಬಾಗ್ ಕಡೆಯ ಫೌಂಡ್ರಿ, ಮಷೀನ್ ಶಾಪ್‌ಗಳವರಿಗೆ ಇದು ಚೆನ್ನಾಗಿ ಗೊತ್ತು. ಗ್ರಾಹಕರು ಡ್ರಾಯಿಂಗ್‌ನಲ್ಲಿ ಒಂದು ಅಳತೆ ಬದಲಾಯಿಸಿ ಅದರ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ, ಫೋಟೊ ಆಗಿ ಕಳಿಸಿದ್ದರಿಂದ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ, ಚಿಕ್ಕ ಅಂಕಿಗಳು ಮಸುಕಾಗುತ್ತವೆ, ಅದರ ಮೇಲೆ ಶುಭೋದಯದ ಚಿತ್ರಗಳು ಬಂದು ಕೂರುತ್ತವೆ, ಮಷೀನ್ ಮುಂದೆ ನಿಂತವನ ಕೈಯಲ್ಲಿ ಹಳೇ ಡ್ರಾಯಿಂಗೇ ಇರುತ್ತದೆ. ಮಾಲು ವಾಪಸ್ ಬಂದ ದಿನ ಯಾರು ಯಾವಾಗ ಹೇಳಿದರು ಎಂದು ಹುಡುಕಲು ಕೂತರೆ ಒಬ್ಬರ ಫೋನ್ ಬದಲಾಗಿರುತ್ತದೆ, ಇನ್ನೊಬ್ಬರು ಮೆಸೇಜ್ ತಾವಾಗಿಯೇ ಅಳಿಸಿಹೋಗುವ ಹಾಗೆ ಸೆಟ್ಟಿಂಗ್ ಮಾಡಿಟ್ಟಿರುತ್ತಾರೆ. ಕಳಿಸಿದವರು ಎರಡು ದಿನ ಕಳೆದ ಮೇಲೂ ಎಲ್ಲರ ಫೋನಿನಿಂದ ಅಳಿಸಬಹುದು, ಅದೂ ಇದೆ. ನಷ್ಟ ಯಾರ ತಲೆಗೆ? ಸಾಮಾನ್ಯವಾಗಿ ಸಣ್ಣವನ ತಲೆಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ಪ್ರಮಾಣಪತ್ರದ ಜೊತೆ ಕೋರ್ಟಿಗೆ ಕೊಡಬಹುದು. ಆದರೆ ಕೊಡಲು ದಾಖಲೆ ಉಳಿದಿರಬೇಕಲ್ಲ.

ಬೆಂಗಳೂರಿನ ಹೊಸ ಕಂಪನಿಗಳ ಹುಡುಗರು ಇದನ್ನು ಓದಿ, ಕಚೇರಿಯ ಮಾತುಕತೆಗೆ ನಮಗೆ ಸ್ಲ್ಯಾಕ್, ಟೀಮ್ಸ್‌ನಂಥ ಚಾಟ್ ಆ್ಯಪ್‌ಗಳಿವೆ, ಇಮೇಲ್ ಹಳೇ ಕಾಲದ್ದು ಎನ್ನಬಹುದು. ಇಮೇಲ್ ಹಳೆಯದು ಹೌದು. ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೇಲ್ ಕಳಿಸಿ, ವಿಳಾಸಕ್ಕೆ ಆ @ ಚಿಹ್ನೆ ಇಟ್ಟಿದ್ದು 1971ರಲ್ಲಿ. ಮೇಲ್ ಸರ್ವರ್‌ಗಳು ಒಂದಕ್ಕೊಂದು ಪತ್ರ ದಾಟಿಸುವ ನಿಯಮ, ಎಸ್‌ಎಂಟಿಪಿ ಎನ್ನುತ್ತಾರಲ್ಲ ಅದು, 1982ರದ್ದು. ಆ ನಿಯಮ ಯಾವ ಕಂಪನಿಯ ಆಸ್ತಿಯೂ ಅಲ್ಲ. ಅದಕ್ಕೇ ಝೋಹೊದಲ್ಲಿರುವವರು ಜಿಮೇಲ್‌ನವರಿಗೆ, ಜಿಮೇಲ್‌ನವರು ಔಟ್‌ಲುಕ್‌ನವರಿಗೆ ಆರಾಮಾಗಿ ಬರೆಯಬಹುದು. ಸ್ಲ್ಯಾಕ್‌ನಿಂದ ನೇರವಾಗಿ ಟೀಮ್ಸ್‌ನಲ್ಲಿರುವವರಿಗೆ ಹಾಗೆ ಬರೆಯಲು ಆಗುವುದಿಲ್ಲ, ನಡುವೆ ಇನ್ನೊಂದು ಸಾಫ್ಟ್‌ವೇರ್ ಕೂರಿಸಬೇಕು. ಪುಕ್ಕಟೆ ಸ್ಲ್ಯಾಕ್‌ನಲ್ಲಿ 90 ದಿನಕ್ಕಿಂತ ಹಳೆಯ ಮಾತುಕತೆ ಕಾಣುವುದಿಲ್ಲ, ಒಂದು ವರ್ಷ ದಾಟಿದ್ದನ್ನು ಅವರು ಅಳಿಸಿಯೇ ಬಿಡುತ್ತಾರೆ. ಈ ಬೆಲೆ ಏಕೆ ಇಟ್ಟಿದ್ದೀರಿ, ಈ ಗ್ರಾಹಕರಿಗೆ ಏನು ಮಾತು ಕೊಟ್ಟಿದ್ದೀರಿ ಎಂದು ಎರಡು ವರ್ಷದ ಮೇಲೆ ಯಾರಾದರೂ ಕೇಳಿದರೆ ಏನು ಹೇಳುವುದು?

ದೊಡ್ಡ ಕಂಪನಿಗಳಲ್ಲಿ ದುಡಿದ ಹಳಬರಿಗೆ ಲೋಟಸ್ ನೋಟ್ಸ್ ನೆನಪಿರಬಹುದು. 1989ರಲ್ಲಿ ಬಂದದ್ದು, ಒಟ್ಟಿಗೆ ಕೆಲಸ ಮಾಡಿಸುವ ಸಾಫ್ಟ್‌ವೇರ್‌ಗಳಿಗೆಲ್ಲ ದಾರಿ ಹಾಕಿಕೊಟ್ಟದ್ದು. 1995ರಲ್ಲಿ ಐಬಿಎಂ ಕೈಗೆ ಹೋಯಿತು, 2019ರಲ್ಲಿ ನಮ್ಮ ಎಚ್‌ಸಿಎಲ್ ಕೈಗೆ ಬಂತು. ರಜೆ ಅರ್ಜಿಯಿಂದ ಹಿಡಿದು ಖರೀದಿ ಮಂಜೂರಾತಿಯ ತನಕ ಎಲ್ಲವನ್ನೂ ಅದರಲ್ಲೇ ಕಟ್ಟಿಕೊಂಡ ಸಂಸ್ಥೆಗಳು ಅದನ್ನು ಬಿಡಲು ಹೊರಟಾಗ ಮೇಲ್‌ಗಳು ಸುಲಭವಾಗಿ ಹೊರಬಂದವು, ಅದರೊಳಗೆ ಕಟ್ಟಿದ ಅರ್ಜಿಗಳು ಮತ್ತು ಫಾರಂಗಳು ಅಷ್ಟು ಸುಲಭಕ್ಕೆ ಬರಲಿಲ್ಲ. ಹೊಸ ಸಾಫ್ಟ್‌ವೇರ್ ತೆಗೆದುಕೊಳ್ಳಿ, ಬೇಡ ಎನ್ನುವುದಿಲ್ಲ. ಬಿಟ್ಟುಹೋಗುವ ದಿನ ನಮ್ಮದನ್ನೆಲ್ಲ ಹೇಗೆ ಹೊರಗೆ ತರುವುದು ಎಂದು ಮಾರುವವರನ್ನು ಮೊದಲ ದಿನವೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇಮೇಲ್‌ನಲ್ಲಿ ದೋಷ ಇಲ್ಲ ಅಂತಲ್ಲ. ಸುಮ್ನೆ ಇಪ್ಪತ್ತು ಜನಕ್ಕೆ ಸಿಸಿ ಹಾಕುವುದು, ಎಲ್ಲರಿಗೂ ಹೋಗುವ ಹಾಗೆ ಒಂದು ಥ್ಯಾಂಕ್ಸ್ ಒತ್ತುವುದು, ಒಂದೇ ಪತ್ರದಲ್ಲಿ ಐದು ವಿಷಯ ತುಂಬುವುದು, ಮೂರು ತಿಂಗಳ ಹಿಂದಿನ ಪತ್ರ ತೆಗೆದು ಅದಕ್ಕೇ ಉತ್ತರವಾಗಿ ಬೇರೆ ಸಂಗತಿ ಬರೆಯುವುದು, ಇವು ಎಲ್ಲ ಕಚೇರಿಗಳಲ್ಲೂ ಇವೆ, ಜನ ಇಮೇಲ್ ಅಂದರೆ ಬೇಸರಪಡುವುದು ಇದರಿಂದಲೇ. ಇದಕ್ಕೆ ಸಾಫ್ಟ್‌ವೇರ್ ಮದ್ದಲ್ಲ. ಕೆಲಸ ಮಾಡಬೇಕಾದವರ ಹೆಸರು ಮಾತ್ರ ಮೇಲೆ, ಒಂದು ಪತ್ರಕ್ಕೆ ಒಂದೇ ವಿಷಯ, ಫೋನಿನಲ್ಲೋ ಗ್ರೂಪಿನಲ್ಲೋ ಏನೇ ತೀರ್ಮಾನವಾಗಲಿ ಸಂಜೆಯೊಳಗೆ ಅದನ್ನು ಎರಡು ಸಾಲಿನ ಮೇಲ್ ಮಾಡುವುದು. ಇಷ್ಟನ್ನು ಮಾಲೀಕರು ತಾವೇ ಪಾಲಿಸಿದರೆ ಉಳಿದವರು ಪಾಲಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಕೆಲಸ ಹೇಳುವ ಚಟವನ್ನೂ ಮಾಲೀಕರೇ ಮೊದಲು ಬಿಡಬೇಕು. ಆಗಲೇ ನೆನಪಾಯಿತು ಅಂದರೆ ಬರೆದಿಟ್ಟು ಬೆಳಗ್ಗೆ ಹೋಗುವ ಹಾಗೆ ಸಮಯ ಹಾಕುವ ಸೌಲಭ್ಯ ಜಿಮೇಲ್‌ನಲ್ಲೂ ಇದೆ, ಔಟ್‌ಲುಕ್‌ನಲ್ಲೂ ಇದೆ. ಕೆಲಸದ ಹೊತ್ತು ಮುಗಿದ ಮೇಲೆ ನೌಕರರಿಗೆ ಇಂಥ ಕಾಟ ತಪ್ಪಿಸಲು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನನ್ನೇ ತಂದವು. ನಮ್ಮಲ್ಲಿ ಕಾನೂನು ಬರುವ ತನಕ ಕಾಯಬೇಕಾಗಿಲ್ಲ.

ಇನ್ನೊಂದು ಮಾತನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಅನೇಕ ಸೂಪರ್‌ವೈಸರ್‌ಗಳು, ಸ್ಟೋರ್ ನೋಡುವವರು ಇಮೇಲ್ ಬೇಡ ಎನ್ನುವುದು ಅದನ್ನು ಇಂಗ್ಲಿಷ್‌ನಲ್ಲೇ ಬರೆಯಬೇಕು ಎಂದುಕೊಂಡಿರುವುದರಿಂದ. ಇಪ್ಪತ್ತು ವರ್ಷ ಅನುಭವ ಇರುವವರು ಗ್ರಾಮರ್ ತಪ್ಪಾದರೆ ಯಾರಾದರೂ ನಗುತ್ತಾರೇನೋ ಎಂದು ಹೆದರಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಕನ್ನಡದಲ್ಲಿ ಬರೆಯಿರಿ ಸ್ವಾಮಿ. ಫೋನಿನ ಕೀಬೋರ್ಡ್‌ನಲ್ಲಿ ಕನ್ನಡ ಇದೆ, ಬಾಯಲ್ಲಿ ಹೇಳಿದರೂ ಅದು ಟೈಪ್ ಮಾಡಿಕೊಳ್ಳುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ, ಕಂಪ್ಯೂಟರ್‌ನಲ್ಲಿ ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ನಲ್ಲಿ ಹೊಡೆದು ಅಂಟಿಸಿದರೆ ಆ ಕಡೆಯವರಿಗೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಒಂದೇ ಥರ ಕಾಣುವ ಯೂನಿಕೋಡ್ ಅಕ್ಷರಗಳಲ್ಲಿ ಬರೆಯಿರಿ. ಆಗ ಆರು ತಿಂಗಳ ಮೇಲೆ ಹುಡುಕಿದರೂ ಸಿಗುತ್ತದೆ.

ಮೋಸದ ವಿಷಯವನ್ನೂ ಹೇಳಲೇಬೇಕು. ಮಾಲು ಕೊಡುವವರ ಹೆಸರಲ್ಲೇ, ಅವರ ವಿಳಾಸದಲ್ಲಿ ಒಂದಕ್ಷರ ಮಾತ್ರ ಬದಲಾಯಿಸಿ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿಗೆ ಹಾಕಿ ಎಂದು ಮೇಲ್ ಬರುತ್ತದೆ. ಅಂಥದ್ದು ಬಂದರೆ ಆ ಪತ್ರದಲ್ಲಿರುವ ನಂಬರ್‌ಗೆ ಕರೆ ಮಾಡಬೇಡಿ, ನಿಮ್ಮಲ್ಲಿ ಮೊದಲಿನಿಂದ ಇರುವ ನಂಬರ್‌ಗೆ ಮಾಡಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ಕೈದಾಟುತ್ತದೆ. ಸ್ವಂತ ಡೊಮೇನ್ ಇದ್ದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಹಾಕಿಸಬಹುದು. ಹಾಕಿಸಿದರೆ ನಿಮ್ಮ ವಿಳಾಸವನ್ನೇ ನಕಲು ಮಾಡಿ ಬೇರೆಯವರಿಗೆ ಮೇಲ್ ಕಳಿಸುವುದು ಕಷ್ಟವಾಗುತ್ತದೆ. ನೀವು ಬಳಸುವ ಮೇಲ್ ಕಂಪನಿಯವರೇ ಹಂತ ಹಂತವಾಗಿ ತೋರಿಸಿಕೊಡುತ್ತಾರೆ.

ಖರ್ಚು ದೊಡ್ಡದಲ್ಲ. ಡೊಮೇನ್‌ಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು, ಮೇಲ್‌ಬಾಕ್ಸ್ ಒಬ್ಬರಿಗೆ ತಿಂಗಳಿಗೆ ನೂರು ರೂಪಾಯಿ ಒಳಗೂ ಸಿಗುತ್ತದೆ. ಎಲ್ಲರಿಗೂ ಕೊಡಬೇಕೆಂದೇನಿಲ್ಲ, ಖರೀದಿಗೆ ಒಂದು, ಲೆಕ್ಕಕ್ಕೆ ಒಂದು, ಮಾರಾಟಕ್ಕೆ ಒಂದು ಎಂದು ಹುದ್ದೆಯ ಹೆಸರಲ್ಲಿ ಮಾಡಿಸಿದರೆ ಜನ ಬದಲಾದರೂ ಪತ್ರಗಳು ಅಲ್ಲೇ ಇರುತ್ತವೆ. ಡೊಮೇನ್ ಮಾತ್ರ ಮಾಲೀಕರ ಹೆಸರಲ್ಲೇ, ಮಾಲೀಕರ ಫೋನ್ ನಂಬರ್ ಕೊಟ್ಟೇ ನೋಂದಣಿ ಆಗಬೇಕು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿದ್ದರೆ ಮತ್ತೆ ಅದೇ ಕಥೆ.

ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾದವರಿಗೆ ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರದ ಅಧಿಕಾರಿಗಳಿಗೆ ನನ್ನ ಕೋರಿಕೆ ಇದು. ಹೊಸ ಉದ್ಯಮಿಗಳಿಗೆ ನೀವು ನಡೆಸುವ ತರಬೇತಿಯಲ್ಲಿ ಸಾಲ, ಸಬ್ಸಿಡಿ, ಜಿಎಸ್‌ಟಿ ಬಗ್ಗೆ ಹೇಳುವ ಹಾಗೆ ಇದಕ್ಕೂ ಒಂದು ಗಂಟೆ ಕೊಡಿ, ಕನ್ನಡದಲ್ಲೇ ಕೊಡಿ, ಡೊಮೇನ್ ನೋಂದಣಿಯನ್ನು ಅಲ್ಲೇ ಕೂರಿಸಿ ಅವರ ಕೈಯಿಂದಲೇ ಮಾಡಿಸಿ. ಹುಬ್ಬಳ್ಳಿ ಧಾರವಾಡ ಕಡೆ ನಡೆಯುವ ತರಬೇತಿಗೆ ನಾನು ಹಣ ತೆಗೆದುಕೊಳ್ಳದೆ ಬಂದು ಹೇಳಿಕೊಡಲು ತಯಾರಿದ್ದೇನೆ.

ಇಂತಿ,
ಒಬ್ಬ ಐಟಿ ಸಲಹೆಗಾರ, ಹುಬ್ಬಳ್ಳಿ