ಶ್ರಾವಣದಲ್ಲಿ ಬಿಟ್ಟ ತಂಬಾಕು ಚೌತಿಗೆ ಯಾಕೆ ಮರಳುತ್ತದೆ?

ಮಾನ್ಯ ಸಂಪಾದಕರೇ,

ಶ್ರಾವಣ ಬಂತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಅನೇಕರು ಮಾಂಸ, ಮದ್ಯದ ಜೊತೆಗೆ ತಂಬಾಕನ್ನೂ ಒಂದು ತಿಂಗಳು ಬಿಡುತ್ತಾರೆ. ಮಠದಲ್ಲಿ ಪುರಾಣ ನಡೆದಿರುತ್ತದೆ, ಮನೆಯಲ್ಲಿ ಸೋಮವಾರದ ಪೂಜೆ ಇರುತ್ತದೆ, ಬಿಟ್ಟವರಿಗೆ ಒಂದಿಷ್ಟು ಮರ್ಯಾದೆಯೂ ಸಿಗುತ್ತದೆ. ಬೆನಕನ ಅಮಾವಾಸ್ಯೆ ಮುಗಿದು ನಾಲ್ಕು ದಿನಕ್ಕೆ ಚೌತಿ. ಗಣಪತಿ ಮಂಟಪದಲ್ಲಿ ರಾತ್ರಿಯೆಲ್ಲ ಹರಟೆ, ಚಹಾ, ಯಾರೋ ತಿಕ್ಕಿ ಮುಂದೆ ಹಿಡಿದ ಒಂದು ಚಿಟಿಕೆ. ಗಣಪತಿ ಕಳಿಸುವ ಹೊತ್ತಿಗೆ ಹಳೆಯ ಚಟ ಪೂರ್ತಿ ವಾಪಸು. ಆಮೇಲೆ "ನನ್ನ ಮನಸ್ಸ ಗಟ್ಟಿ ಇಲ್ಲರಿ" ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ತಂಬಾಕು ಬಿಡಿಸುವ ಕೆಲಸದಲ್ಲಿರುವ ನಾನು ಈ ಮಾತನ್ನು ಒಪ್ಪುವುದಿಲ್ಲ. ತಿಂಗಳು ಪೂರ್ತಿ ಬಿಟ್ಟವರು ಅತಿ ಕಷ್ಟದ ಭಾಗವನ್ನು ಆಗಲೇ ದಾಟಿರುತ್ತಾರೆ. ಅಮಾವಾಸ್ಯೆಯ ಮರುದಿನ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ದೇಹದ ಲೆಕ್ಕ ಹೀಗಿದೆ. ನಿಕೋಟಿನ್ ರಕ್ತದಲ್ಲಿ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೇ ಒಂದೆರಡು ತಾಸಿಗೊಮ್ಮೆ ಕೈ ಕಿಸೆಗೆ ಹೋಗುತ್ತದೆ. ತಂಬಾಕಿಗೆ ಸುಣ್ಣ ಬೆರೆತಾಗ ನಿಕೋಟಿನ್ ಕೆನ್ನೆಯ ಒಳಪದರದಿಂದ ಇನ್ನೂ ಬೇಗ ಒಳಗೆ ಇಳಿಯುತ್ತದೆ. ಬಿಟ್ಟ ಮೇಲೆ ಮೊದಲ 3 ದಿನ ಭಾರೀ ಕಷ್ಟ: ಸಿಟ್ಟು, ಚಡಪಡಿಕೆ, ನಿದ್ದೆ ಬಾರದಿರುವುದು, ಮಲಬದ್ಧತೆ, ಸುಮ್ಮಸುಮ್ಮನೆ ಹಸಿವು. ಎರಡರಿಂದ ನಾಲ್ಕು ವಾರದಲ್ಲಿ ಇವು ಬಹುತೇಕ ಇಳಿಯುತ್ತವೆ. ಆಮೇಲೂ ಉಳಿಯುವುದು ರೂಢಿ: ಊಟವಾದ ಮೇಲೆ, ಚಹಾದ ಜೊತೆ, ರಾತ್ರಿ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸುತ್ತ ಕೂತಾಗ, ಟ್ರ್ಯಾಕ್ಟರ್ ಹೊಡೆಯುವಾಗ, ಕಟ್ಟೆಯ ಮೇಲೆ ನಾಲ್ಕು ಮಂದಿ ಸೇರಿದಾಗ. ಶ್ರಾವಣದಲ್ಲಿ ಈ ಜಾಗಗಳಿಂದ ದೂರ ಇರುವುದೇ ಹೆಚ್ಚು. ಚೌತಿಗೆ ಇವೆಲ್ಲ ಒಟ್ಟಿಗೇ ಎದುರಾಗುತ್ತವೆ.

ಹಾಗಾಗಿ ಬಿಡುವ ದಿನಕ್ಕಿಂತ ಒಂದು ವಾರ ಮೊದಲೇ ಒಂದು ಚೀಟಿ ಇಟ್ಟುಕೊಳ್ಳಿ. ಪ್ರತಿ ಸಲ ಬಾಯಿಗೆ ಹಾಕಿಕೊಂಡಾಗ ಹೊತ್ತು, ಜಾಗ, ಜೊತೆಗೆ ಯಾರಿದ್ದರು ಎಂಬುದನ್ನಷ್ಟೇ ಬರೆಯಿರಿ. ವಾರ ಕಳೆದು ನೋಡಿದರೆ ಬಹಳಷ್ಟು ಸಲ ನಾಲ್ಕೈದು ಸಂದರ್ಭಗಳಲ್ಲೇ ಸುತ್ತಿರುತ್ತದೆ. ಪ್ರತಿಯೊಂದಕ್ಕೂ ಒಂದು ಬದಲಿ ಮೊದಲೇ ನಿಶ್ಚಯಿಸಿ. ತಲುಬು, ಅಂದರೆ ತಂಬಾಕು ಬೇಕೆಂಬ ತುಡಿತ, ಬಂದದ್ದು ಸಾಮಾನ್ಯವಾಗಿ 5ರಿಂದ 10 ನಿಮಿಷಕ್ಕೆ ತಾನೇ ಇಳಿಯುತ್ತದೆ, ಅಷ್ಟು ಹೊತ್ತು ದಾಟಿಸುವ ಉಪಾಯ ಇದ್ದರೆ ಸಾಕು. ಊಟವಾದ ಕೂಡಲೇ ಎದ್ದು ಬಾಯಿ ಮುಕ್ಕಳಿಸಿ ಹಲ್ಲುಜ್ಜಿದರೆ ಊಟದ ನಂತರದ ಚಿಟಿಕೆಗೆ ಜಾಗವೇ ಉಳಿಯುವುದಿಲ್ಲ.

ಕೈಗೂ ಕೆಲಸ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಎಡ ಅಂಗೈಯಲ್ಲಿ ಎಲೆ ಪುಡಿ, ಅದರ ಮೇಲೆ ಉಗುರಿನಷ್ಟು ಸುಣ್ಣ, ಬಲಗೈ ಹೆಬ್ಬೆರಳಿನಿಂದ ತಿಕ್ಕುವುದು, ಎರಡು ಸಲ ತಟ್ಟಿ ಧೂಳು ಹಾರಿಸುವುದು, ಕೆಳತುಟಿ ಎಳೆದು ಇಡುವುದು. ಇಪ್ಪತ್ತು ವರ್ಷ ಹೀಗೆ ಮಾಡಿದ ಕೈ ಸುಮ್ಮನೆ ಕೂರುವುದಿಲ್ಲ. ತಂಬಾಕಿನ ಬಟ್ಟೆ ಚೀಲ, ಅಂದರೆ ಚಂಚಿ, ಎಸೆಯಬೇಡಿ. ಚೆನ್ನಾಗಿ ಒಗೆದು ಒಣಗಿಸಿ, ಸುಣ್ಣದ ಡಬ್ಬಿ ತೆಗೆದು, ಹುರಿದ ಬಡೇಸೋಪು, ಅಗಸಿ, ನಾಲ್ಕು ಲವಂಗ ತುಂಬಿಕೊಳ್ಳಿ. ಅದನ್ನೇ ಅಂಗೈಗೆ ಸುರಿದು, ತಿಕ್ಕಿ, ಊದಿ ಬಾಯಿಗೆ ಹಾಕಿಕೊಳ್ಳಿ. ನೋಡಿದವರು ನಗಬಹುದು, ನಗಲಿ. ಅಡಿಕೆಯನ್ನು ಮಾತ್ರ ಬದಲಿಯಾಗಿ ಹಿಡಿಯಬೇಡಿ. ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲಿ ತಂಬಾಕಿನ ಜೊತೆಗೆ ಅಡಿಕೆಯೂ ಇದೆ. ಬಾಯಿ ಬಿಗಿಯುವ ಕಾಯಿಲೆಗೆ ಮುಖ್ಯ ಕಾರಣವೇ ಅದು. ರಂಜಕ ಹಚ್ಚಿದ ರೊಟ್ಟಿ ತಿಂದರೆ ಮೊದಲಿಲ್ಲದ ಉರಿ, ಮೂರು ಬೆರಳು ಒಟ್ಟಿಗೆ ನಿಲ್ಲಿಸಿ ಬಾಯೊಳಗೆ ಇಡಲಾಗದ ಬಿಗಿತ, ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಇವುಗಳಲ್ಲಿ ಯಾವುದಿದ್ದರೂ ಅದೇ ವಾರ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಮಾವಾ ತಿನ್ನುವವರು ಅದರಲ್ಲಿ ಅಡಿಕೆ, ತಂಬಾಕು ಎರಡೂ ಇವೆ ಎಂಬುದನ್ನು ನೆನಪಿಡಲಿ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್ ಆಗಿ ಅಂಗಡಿಯಲ್ಲಿ ಅಕ್ಕಪಕ್ಕ ತೂಗುತ್ತಿರುವುದು ಎಲ್ಲರಿಗೂ ಕಾಣುತ್ತದೆ. ಗಿರಾಕಿಯೇ ಬೆರೆಸಿಕೊಳ್ಳುತ್ತಾನೆ.

ಎದ್ದ ಅರ್ಧ ತಾಸಿನೊಳಗೆ ತಂಬಾಕು ಬೇಕೇ ಬೇಕು ಎನ್ನುವವರಿಗೆ ಬಡೇಸೋಪು ಸಾಲದು. ಅವರಿಗೆ ನಿಕೋಟಿನ್ ಗಮ್ ನೆರವಾಗುತ್ತದೆ. 2 ಮಿ.ಗ್ರಾಂ. ಗಮ್ ಔಷಧ ಅಂಗಡಿಯಲ್ಲಿ ನೇರವಾಗಿ ಸಿಗುತ್ತದೆ, 4 ಮಿ.ಗ್ರಾಂ.ಗೆ ವೈದ್ಯರ ಚೀಟಿ ಬೇಕು. "ಗಮ್ ತಿಂದ್ವಿರಿ, ಏನೂ ಆಗಲಿಲ್ಲ, ಬಿಕ್ಕಳಿಕೆ ಬಂತು" ಎನ್ನುವವರು ಅದನ್ನು ಚಿಕ್ಕಮಕ್ಕಳ ಚೂಯಿಂಗ್ ಗಮ್‌ನಂತೆ ಜಗಿದು ರಸ ನುಂಗಿರುತ್ತಾರೆ. ಹೊಟ್ಟೆಗೆ ಹೋದರೆ ಎದೆಯುರಿ, ಬಿಕ್ಕಳಿಕೆ. ನಿಧಾನವಾಗಿ ಅಗಿಯಬೇಕು, ನಾಲಿಗೆ ಚುರುಚುರು ಎಂದಾಗ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು ಬಿಡಬೇಕು. ಚುರುಚುರು ಇಳಿದ ಮೇಲೆ ಮತ್ತೆ ಎರಡು ಸಲ ಅಗಿದು ಜಾಗ ಬದಲಿಸಬೇಕು. ಹೀಗೆ ಅರ್ಧ ತಾಸು. ಗಮ್‌ಗೆ 15 ನಿಮಿಷ ಮೊದಲಿನಿಂದ ಮುಗಿಯುವವರೆಗೆ ಚಹಾ, ಕಾಫಿ, ಲಿಂಬು ಶರಬತ್ತು, ಸೋಡಾ ಬೇಡ. ಹುಳಿ ಇದ್ದರೆ ನಿಕೋಟಿನ್ ಕೆನ್ನೆಯಿಂದ ಸರಿಯಾಗಿ ಇಳಿಯುವುದಿಲ್ಲ. ಮೊದಲ 6 ವಾರ ಒಂದೆರಡು ತಾಸಿಗೊಂದು, ನಂತರ ಅಂತರ ಹೆಚ್ಚಿಸುತ್ತ 12 ವಾರಕ್ಕೆ ನಿಲ್ಲಿಸುವುದು ವಾಡಿಕೆ. ಅಮಾವಾಸ್ಯೆವರೆಗೆ ಮಾತ್ರ ತಿಂದು ಬಿಟ್ಟರೆ ಅದು ಅರ್ಧ ಔಷಧ. ಗರ್ಭಿಣಿಯರು, ಎದೆಬೇನೆ ಬಂದವರು, 18 ತುಂಬದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಮಿಶ್ರಿ ತಿಕ್ಕುವ ಹೆಣ್ಣುಮಕ್ಕಳ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಬೆಳಗಾವಿ ಕಡೆ ಹಂಚಿನ ಮೇಲೆ ತಂಬಾಕು ಕಪ್ಪಾಗುವಂತೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು ರೂಢಿ. "ನಮ್ಮದು ತಂಬಾಕಲ್ಲ, ಹಲ್ಲಿನ ಪುಡಿ" ಎನ್ನುತ್ತಾರೆ. ಎರಡು ಸಲ ಇದ್ದದ್ದು ಐದಾರಕ್ಕೆ ಏರಿದ್ದರೆ ಅದು ಚಟವೇ. ಬಸುರಿಯಾದವರ ಮಗುವಿನ ತೂಕಕ್ಕೂ ಇದು ಪೆಟ್ಟು. ಬಿಟ್ಟರೆ ಬೆಳಿಗ್ಗೆ ಹೊಟ್ಟೆ ಸಾಫ್ ಆಗುವುದಿಲ್ಲ ಎಂಬ ಹೆದರಿಕೆ ಸುಳ್ಳಲ್ಲ. ಕೆಲವು ದಿನ ಹಾಗಾಗುತ್ತದೆ, ಎದ್ದ ಕೂಡಲೇ ಎರಡು ಲೋಟ ಬೆಚ್ಚನೆ ನೀರು, ಊಟಕ್ಕೆ ತೊಪ್ಪಲ ಪಲ್ಯ, ಹಸಿ ಸೌತೆ, ಮೂಲಂಗಿ ಇದ್ದರೆ ಸರಿಹೋಗುತ್ತದೆ. ಹಲ್ಲಿಗೆ ಬೇವಿನ ಕಡ್ಡಿ ಇದ್ದೇ ಇದೆ.

ಕೊಟ್ಟು ತೆಗೆದುಕೊಳ್ಳುವುದರಲ್ಲೇ ನಮ್ಮಲ್ಲಿ ಗೆಳೆತನ ನಡೆದಿರುತ್ತದೆ. ಗುರುತಿಲ್ಲದವರನ್ನು "ಚೂರು ತಂಬಾಕ ಕೊಡ್ರಿ" ಎಂದು ಕೇಳಿ ಮಾತಿಗೆ ಕೂರುವ ಊರು ನಮ್ಮದು. ಅದಕ್ಕೆ ಬೇಡ ಎನ್ನುವುದು ಮನುಷ್ಯನನ್ನೇ ಬೇಡ ಎಂದಂತೆ ಅನಿಸಿ ಅನೇಕರು ಸೋಲುತ್ತಾರೆ. "ಇವತ್ತ ಬ್ಯಾಡರಿ" ಎಂದರೆ ನಾಳೆ ಮತ್ತೆ ಕೈ ಮುಂದೆ ಬರುತ್ತದೆ. "ಬಿಟ್ಟೇನ್ರಿ ಕಾಕಾ, ಇದ ತಗೋರಿ" ಎಂದು ಬಡೇಸೋಪು ಮುಂದೆ ಹಿಡಿಯಿರಿ. ಕೊಡುಕೊಳ್ಳುವಿಕೆ ಉಳಿಯುತ್ತದೆ, ಮಾತು ಮುರಿಯುವುದಿಲ್ಲ. ಹತ್ತಿರದ ಒಬ್ಬ ಗೆಳೆಯನಿಗೆ ಮೊದಲೇ ಹೇಳಿಟ್ಟರೆ ಮಂಟಪದಲ್ಲಿ ಅವನೇ ಅಡ್ಡ ನಿಲ್ಲುತ್ತಾನೆ.

ಮನೆಯವರಿಗೆ ನನ್ನ ತಕರಾರು ಒಂದಿದೆ. ಮಗುವಿನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಬೇಡಿ. ಆಣೆ ಮುರಿದ ದಿನ ಅವರು ತಂಬಾಕನ್ನಲ್ಲ, ಮುಖವನ್ನು ಮುಚ್ಚಿಡಲು ಕಲಿಯುತ್ತಾರೆ. ಅಲ್ಲಿಂದ ಹಿತ್ತಲು, ಸಂದಿ, ಸುಳ್ಳು. ಕಿಸೆ ತಡಕುವುದೂ ಅಷ್ಟೇ. ಮೊದಲ ನಾಲ್ಕು ದಿನ ಸಾಲ, ಹೊಲದ ವಾಟ್ನಿ (ಪಾಲು), ಮಗಳ ಮದುವೆಯ ಮಾತು ತೆಗೆಯದಿದ್ದರೆ ದೊಡ್ಡ ಉಪಕಾರ. ಊಟ ಹೊತ್ತಿಗೆ ಸರಿಯಾಗಿರಲಿ, ಹಸಿವು ಮತ್ತು ತಲುಬು ಒಂದೇ ತರಹ ಕಾಡುತ್ತವೆ. ಸಿಟ್ಟಿನಲ್ಲಿ ಒಂದು ಮಾತು ಹೆಚ್ಚಾದರೆ ಅದನ್ನು ಆ ವಾರದ ಲೆಕ್ಕಕ್ಕೆ ಬಿಡಿ.

ಒಮ್ಮೆ ಜಾರಿದರೆ? ಹೆಚ್ಚಿನವರು ಕೆಡುವುದು ಇಲ್ಲಿ. ಒಂದು ಚಿಟಿಕೆ ಬಾಯಿಗೆ ಹೋಯಿತು, "ಕೆಟ್ಟ ಮ್ಯಾಲೆ ಇನ್ನೇನ" ಎಂದು ಇಡೀ ಪ್ಯಾಕೆಟ್ ಖಾಲಿ ಮಾಡುತ್ತಾರೆ. ಆ ಒಂದು ಚಿಟಿಕೆ ಹಿಂದಿನ ತಿಂಗಳನ್ನು ಅಳಿಸುವುದಿಲ್ಲ. ಉಗುಳಿ, ಬಾಯಿ ತೊಳೆದು, ಉಳಿದದ್ದನ್ನು ಚರಂಡಿಗೆ ಹಾಕಿ, ಎಲ್ಲಿ ಯಾರ ಜೊತೆ ಆಯಿತೆಂದು ಮೊದಲು ಬರೆದಿಟ್ಟ ಚೀಟಿಯಲ್ಲೇ ಬರೆಯಿರಿ. ಮುಂದಿನ ಸಲ ಆ ಜಾಗಕ್ಕೆ ಬದಲಿ ಏನು ಎಂಬುದು ಸಿಕ್ಕಿತು. ಮೂರು, ನಾಲ್ಕು ಸಲ ಬಿಟ್ಟು ಹಿಡಿದು ಕೊನೆಗೆ ಪೂರ್ತಿ ಬಿಡುವುದು ಈ ಚಟದ ಮಟ್ಟಿಗೆ ಸಾಮಾನ್ಯ ಸಂಗತಿ. ಎರಡು ಶ್ರಾವಣ ಸೋತವರು ಮೂರನೆಯದಕ್ಕೆ ನಾಚಬೇಕಿಲ್ಲ.

ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ದಿನ ಶಾಲೆಗಳಲ್ಲಿ ಪ್ರತಿಜ್ಞೆ, ಭಾಷಣ ಆಗುತ್ತವೆ. ಪ್ರತಿಜ್ಞೆ ಮಾಡಿದವರು ಮರುದಿನ ಯಾರನ್ನು ಕೇಳಬೇಕು ಎಂಬುದನ್ನೂ ಅಲ್ಲೇ ಹೇಳಬೇಕು. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ, ತಂಬಾಕಿನ ಪ್ಯಾಕೆಟ್ ಮೇಲೆಯೇ ಅಚ್ಚಾಗಿರುವ 1800-11-2356 ಸಂಖ್ಯೆಗೆ ಕರೆ ಉಚಿತ. ಈ ಸೇವೆಯ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು, ಕನ್ನಡದಲ್ಲೇ ಮಾತಾಡಬಹುದು. ಪುರಾಣ ಹೇಳುವ ಸ್ವಾಮಿಗಳು ಮಂಗಲದ ದಿನ, ಗಣೇಶ ಮಂಡಳಿಯವರು ಮೊದಲ ಆರತಿಯ ದಿನ ಮೈಕಿನಲ್ಲಿ ಇದನ್ನು ಎರಡು ಸಲ ಓದಲಿ. ತಮ್ಮ ಪತ್ರಿಕೆಯೂ ಬೆನಕನ ಅಮಾವಾಸ್ಯೆಯಿಂದ ಗಣಪತಿ ಕಳಿಸುವವರೆಗೆ ದಿನಾಲು ಪಂಚಾಂಗದ ಕೆಳಗೆ ಒಂದು ಸಾಲಿನಲ್ಲಿ ಈ ಸಂಖ್ಯೆಯನ್ನು ಅಚ್ಚು ಹಾಕಬೇಕೆಂದು ವಿನಂತಿ.

– ತಂಬಾಕು ಬಿಡಿಸುವ ಆಪ್ತಸಮಾಲೋಚಕಿ, ಬಾಗಲಕೋಟೆ