ಸಾಣಾಪುರಕ್ಕೆ ಬರುವವರಿಗೂ ಗೇಜ್ ಕಾಣಲಿ

ಮಾನ್ಯ ಸಂಪಾದಕರೇ,

ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದವರು, ಹಂಪಿ ಮುಗಿಸಿಕೊಂಡು ಆನೆಗೊಂದಿ ಕಡೆ ದಾಟಿದವರು, ಹೈದರಾಬಾದು, ಬೆಂಗಳೂರಿನಿಂದ ವಾರಾಂತ್ಯಕ್ಕೆಂದೇ ಹೊರಟವರು, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಗಂಗಾವತಿ ತಾಲ್ಲೂಕಿನ ಸಾಣಾಪುರದಲ್ಲಿ, ಬಂಡೆಗುಡ್ಡಗಳ ನಡುವಿನ ನೀರಿನ ದಂಡೆಗೆ. ಇಷ್ಟು ಚೆಂದದ ಜಾಗ ನಮ್ಮ ಜಿಲ್ಲೆಯಲ್ಲಿರುವಾಗ ಜನ ಬರಬೇಕು, ಬರಲಿ. ಆದರೆ ಬಂದವರಲ್ಲಿ ಬಹಳಷ್ಟು ಮಂದಿ ಇದನ್ನು ನಿಂತ ನೀರೆಂದು ತಿಳಿದೇ ಇಳಿಯುತ್ತಾರೆ. ಇದು ತುಂಗಭದ್ರಾ ಎಡದಂಡೆ ಕಾಲುವೆಯ ಸಮತೋಲನ ಜಲಾಶಯ, ಅಂದರೆ ಕಾಲುವೆಯ ಹರಿವು ಏರುಪೇರಾಗದಂತೆ ನೀರು ಹಿಡಿದಿಟ್ಟು ಬಿಡುವ ಜಾಗ. ಕಾಲುವೆ ಒಂದು ಕಡೆಯಿಂದ ಒಳಗೆ ಬರುತ್ತದೆ, ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ನಡುವೆ ಮೇಲ್ಮೈ ಎಷ್ಟೇ ಶಾಂತವಾಗಿ ಕಂಡರೂ ಅಡಿಯಲ್ಲಿ ನೀರು ನಡೆಯುತ್ತಲೇ ಇರುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಅವಘಡ ತಪ್ಪುತ್ತವೆ ಎಂಬುದು ನಮ್ಮ ನಂಬಿಕೆ.

ಮುನಿರಾಬಾದ್ ಬಳಿ ಅಣೆಕಟ್ಟೆಯ ಎಡಬದಿಯಿಂದ ಹೊರಡುವ ಈ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 227 ಕಿ.ಮೀ. ಸಾಗುತ್ತದೆ. ಮುಂಗಾರು ಬೆಳೆಗೆ ನೀರು ಬಿಡುವಾಗ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ನಾವು ಕೇಳುವ ಅಂಕಿ 4,100 ಕ್ಯುಸೆಕ್. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಅಲ್ಲಿಗೆ 4,100 ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೆ 1.16 ಲಕ್ಷ ಲೀಟರ್, ತೂಕದಲ್ಲಿ 116 ಟನ್. ಮೇಲಿನ ವಿತರಣಾ ಕಾಲುವೆಗಳಿಗೆ ಹೋದದ್ದನ್ನು ಕಳೆದರೂ ಸಾಣಾಪುರಕ್ಕೆ ಬರುವ ನೀರು ಮನುಷ್ಯನ ತೋಳ್ಬಲಕ್ಕೆ ಸಿಗುವಂಥದ್ದಲ್ಲ. ನೀರಿನ ವೇಗ ದುಪ್ಪಟ್ಟಾದರೆ ಅದು ಕಾಲಿಗೆ ಒತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ನಿನ್ನೆ ಮೊಣಕಾಲುದ್ದದ ನೀರಲ್ಲಿ ಆರಾಮಾಗಿ ನಿಂತಿದ್ದವರು ಇಂದು ಅದೇ ಜಾಗದಲ್ಲಿ ಕಾಲು ಕೀಳಿಸಿಕೊಳ್ಳುವುದು ಇದರಿಂದಲೇ.

ರಾಯಚೂರು ಜಿಲ್ಲೆಯ ಕೊನೆ ಭಾಗದ ರೈತರಿಗೆ ಗೇಜ್, ಅಂದರೆ ಕಾಲುವೆಯಲ್ಲಿ ಅಳೆದ ನೀರಿನ ಮಟ್ಟ, ಏನೆಂದು ಯಾರೂ ಹೇಳಿಕೊಡಬೇಕಿಲ್ಲ. 69ನೇ ಮೈಲಿಯಲ್ಲಿ ಇಂದು ಎಷ್ಟಡಿ, 104ರಲ್ಲಿ ಎಷ್ಟು ಎಂಬುದರ ಮೇಲೆ ಅವರ ಭತ್ತ ನಿಂತಿರುತ್ತದೆ. ಗೇಜ್ ಕಾಯ್ದುಕೊಳ್ಳಿ ಎಂದು ರಸ್ತೆಗಿಳಿದು ಕೇಳುತ್ತಾರೆ. ಇದೇ ಕಾಲುವೆಯ ನೀರಿಗೆ ಸಾಣಾಪುರದಲ್ಲಿ ಇಳಿಯುವ ಪ್ರವಾಸಿಗೆ ಮಾತ್ರ ಇಂದು ಎಷ್ಟು ನೀರು ಹರಿಯುತ್ತಿದೆ, ಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯುವ ದಾರಿಯಿಲ್ಲ. ನೀರಾವರಿ ಇಲಾಖೆಯವರು ದಿನವೂ ಬರೆದಿಡುವ ಲೆಕ್ಕವನ್ನೇ ದಂಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿದರೆ ಸಾಕು. ನಮ್ಮ ಮುಖ್ಯ ಬೇಡಿಕೆ ಇದು.

ಫಲಕ ಬರುವವರೆಗೆ ಬಂಡೆಯನ್ನೇ ಓದಬಹುದು. ನೀರಂಚಿನ ಮೇಲೆ ಬಂಡೆ ಒದ್ದೆಯಾಗಿ ಕಪ್ಪಗಿದ್ದರೆ ಮಟ್ಟ ಈಗಷ್ಟೇ ಇಳಿದಿದೆ. ಒಣ ಬಂಡೆ ನೇರ ನೀರಿಗೆ ಮುಟ್ಟಿದ್ದು, ಹುಲ್ಲಿನ ತುದಿಗಳು ನೀರಿನಿಂದ ಇಣುಕುತ್ತಿದ್ದು, ಕಸಕಡ್ಡಿ ಅಂಚಿಗೆ ಬಂದು ಸೇರಿದ್ದರೆ ಏರುತ್ತಿದೆ. ಅನುಮಾನವಿದ್ದರೆ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು ಕಾಲು ಗಂಟೆ ಕಾಯಿರಿ. ಕಾಲು ಗಂಟೆಯಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಾದರೆ ಆ ದಿನ ನೀರಿಗೆ ಇಳಿಯದಿರುವುದೇ ಲೇಸು. ಸೆಳವು ನೋಡಲು ಒಣ ಎಲೆಯೊಂದನ್ನು ದಂಡೆಯಿಂದ ಆಚೆ ಎಸೆಯಿರಿ. ಗಾಳಿಗೆ ಎದುರಾಗಿಯೂ ಅದು ಒಂದೇ ದಿಕ್ಕಿಗೆ ಸಾಗಿದರೆ ಅಡಿಯಲ್ಲಿ ನೀರು ಎಳೆಯುತ್ತಿದೆ. ಕಾಲುವೆ ಒಳಬರುವ ಬಾಯಿ ಮತ್ತು ಹೊರಹೋಗುವ ಬಾಯಿ, ಇವೆರಡರ ಹತ್ತಿರ ಎಲೆ ಎಸೆದು ನೋಡುವ ಅಗತ್ಯವೂ ಇಲ್ಲ. ಅಲ್ಲಿ ಯಾವ ಕಾಲದಲ್ಲೂ ಇಳಿಯಬಾರದು.

ಮಟ್ಟದ ವಿಷಯ ಎಲ್ಲಕ್ಕಿಂತ ಕೆಟ್ಟದಾಗಿ ಕಾಡುವುದು ಬಂಡೆಯಿಂದ ಜಿಗಿಯುವವರನ್ನು. ಮೊಬೈಲಿನಲ್ಲಿ ಕಂಡ ವಿಡಿಯೊ ಯಾವ ತಿಂಗಳಿನದೋ ಗೊತ್ತಿರುವುದಿಲ್ಲ. ಅಂದು ಬಂಡೆಯ ಬುಡದಲ್ಲಿ ಎರಡಾಳು ನೀರಿತ್ತು. ಕಾಲುವೆ ಕಡಿಮೆ ಮಾಡಿದ ಮೇಲೆ ಅದೇ ಜಾಗದಲ್ಲಿ ಒಂದು ಗುಂಡುಕಲ್ಲು ನೀರಿನ ಮೇಲ್ಮೈಗೆ ಮೂರಡಿ ಕೆಳಗೆ ಕೂತಿರಬಹುದು. 3 ಮೀಟರ್ ಎತ್ತರದಿಂದ ಹಾರಿದವರು ನೀರು ಮುಟ್ಟುವಾಗ ಗಂಟೆಗೆ 28 ಕಿ.ಮೀ. ವೇಗದಲ್ಲಿರುತ್ತಾರೆ. 6 ಮೀಟರಿನಿಂದ 39, 10 ಮೀಟರಿನಿಂದ 50 ಕಿ.ಮೀ. ಆ ವೇಗದಲ್ಲಿ ತಲೆ ಕಲ್ಲಿಗೆ ತಾಗಿದರೆ ಕತ್ತಿನ ಮೂಳೆ ಮುರಿಯುತ್ತದೆ. ಈಜು ಎಷ್ಟು ಚೆನ್ನಾಗಿ ಬಂದರೂ ಕೈಕಾಲು ಆಡುವುದಿಲ್ಲ. ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡುತ್ತೇವೆ ಎನ್ನುವವರಿದ್ದಾರೆ. ಹಗ್ಗ ಒಂದು ಬಿಂದುವಿನ ಆಳ ಹೇಳುತ್ತದೆ, ಪಕ್ಕದ ಗುಂಡನ್ನು ಹೇಳುವುದಿಲ್ಲ. ಗುಂಡುಗಳೇ ತುಂಬಿದ ಈ ಗುಡ್ಡಗಳ ನಡುವೆ ಜಿಗಿತಕ್ಕೆ ಸುರಕ್ಷಿತ ಜಾಗ ಎಂಬುದೇ ಇಲ್ಲ ಎಂದು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಹತ್ತಿರದ ನದಿಯ ಮಡುಗಳಿಗೂ ಇದೇ ಮಾತು. ನದಿ, ಕಾಲುವೆಗಳಲ್ಲಿ ಮೊಸಳೆ ಇರುವುದನ್ನೂ ಮರೆಯಬಾರದು.

ಕಾಲುವೆಯದು ಇನ್ನೊಂದು ಬಗೆಯ ಅಪಾಯ. ಸಿಮೆಂಟ್ ಹೊದಿಕೆಯ ಇಳಿಜಾರು ಗೋಡೆಗೆ ನೀರಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಕೈಕಾಲು ತೊಳೆಯಲು ಒಂದು ಹೆಜ್ಜೆ ಇಟ್ಟವರು ಜಾರಿ ಬಿದ್ದರೆ ಮತ್ತೆ ಹತ್ತಲು ಬೆರಳಿಗೆ ಹಿಡಿತ ಸಿಗುವುದಿಲ್ಲ. ಬಿದ್ದವರು ಹರಿವಿಗೆ ಎದುರಾಗಿ ಈಜಬಾರದು. ಅಂಗಾತ ಮಲಗಿ, ಪಾದ ಮುಂದಕ್ಕೆ ಚಾಚಿ, ಹರಿವಿನ ಜೊತೆಗೇ ಓರೆಯಾಗಿ ಒಂದು ಬದಿಗೆ ಸರಿಯುತ್ತ ಮೆಟ್ಟಿಲೋ ಹಗ್ಗವೋ ಸಿಗುವ ಕಡೆ ಹಿಡಿಯಬೇಕು. ಹಿಡಿಯಲು ಅಂಥದ್ದೇನಾದರೂ ಇರಬೇಕಲ್ಲ! ಜನ ಸೇರುವ ಕಡೆಗಳಲ್ಲಿ ಪ್ರತಿ 100 ಮೀಟರಿಗೆ ಒಂದು ಕಬ್ಬಿಣದ ಏಣಿ, ಸೇತುವೆಗಳ ಕೆಳಗೆ ಅಡ್ಡ ಹಗ್ಗಕ್ಕೆ ಕಟ್ಟಿದ ತೇಲುವ ಡಬ್ಬಿಗಳು ಇರಲೇಬೇಕು.

ಇನ್ನು ಹರಿಗೋಲು. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ದಾಟಿಸುವ ದುಂಡನೆಯ, ಒಳಗೆ ಬೆತ್ತ ಹೊರಗೆ ಚರ್ಮದ ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು, ಅಷ್ಟೇ ವ್ಯತ್ಯಾಸ. ಹುಟ್ಟು ಹಾಕುವವರ ಕೈಯಲ್ಲಿರುವ ವಿದ್ಯೆ ಹಳೆಯದು, ಗೌರವಕ್ಕೆ ಯೋಗ್ಯವಾದದ್ದು. ಏನಾದರೊಂದು ಅವಘಡವಾದ ಕೂಡಲೇ ಹರಿಗೋಲನ್ನೇ ನಿಲ್ಲಿಸಿ ಎಂಬ ಕೂಗಿಗೆ ನಮ್ಮ ಒಪ್ಪಿಗೆಯಿಲ್ಲ. ನೀರು ಬಲ್ಲವರನ್ನು ದಂಡೆಯಿಂದ ಓಡಿಸಿದರೆ ಉಳಿಯುವವರು ನೀರು ಅರಿಯದವರು ಮಾತ್ರ. ಅವರ ಕಸುಬು ಉಳಿಯಬೇಕು, ಅದಕ್ಕೆ ನಿಯಮವಿರಬೇಕು.

ಹರಿಗೋಲಿಗೆ ದೋಣಿಯನ್ನು ನೇರ ದಿಕ್ಕಿನಲ್ಲಿಡುವ ಅಡಿಗಟ್ಟು ಇಲ್ಲ. ಗಾಳಿ ಬೀಸಿದ ಕಡೆ ತಿರುಗುತ್ತ ಹೋಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ಹಾಗಾಗಿ ಸವಾರಿ ಬೆಳಿಗ್ಗೆಯೇ ಆಗಬೇಕು, ಮೊದಲು ಗಾಳಿಗೆ ಎದುರಾಗಿ ಹೋಗಿ ಆಮೇಲೆ ಗಾಳಿಯ ಜೊತೆ ಮರಳಬೇಕು. ತಿರುಗು ಮುರುಗು ಮಾಡಿದರೆ ತೋಳು ಸೋತ ಹೊತ್ತಿನಲ್ಲೇ ಗಾಳಿ ಎದುರಾಗುತ್ತದೆ. ಕೂರುವವರು ತಳದಲ್ಲಿ, ಅಂಚಿಗೆ ಬೆನ್ನು ಕೊಟ್ಟು, ಸುತ್ತಲೂ ಸಮತೂಕವಾಗಿ ಕೂರಬೇಕು. ಸೆಲ್ಫಿಗೆ ಎಲ್ಲರೂ ಒಂದೇ ಬದಿಗೆ ವಾಲಿದರೆ ಆ ಬದಿಯ ಅಂಚು ನೀರು ಮೊಗೆಯುತ್ತದೆ. ತಳ 2 ಮೀಟರ್ ಅಗಲವಿರುವ ಹರಿಗೋಲಿನಲ್ಲಿ ಒಂದೇ ಅಂಗುಲ ನೀರು ನಿಂತರೂ ಅದು ಸುಮಾರು 80 ಲೀಟರ್. ಇನ್ನೊಬ್ಬ ದೊಡ್ಡ ಆಳನ್ನು ಹತ್ತಿಸಿಕೊಂಡಷ್ಟೇ ತೂಕ, ಅದೂ ವಾಲಿದ ಕಡೆಗೇ ಓಡುವ ತೂಕ. ಗಿರಗಿರನೆ ತಿರುಗಿಸಿ ಎಂದು ಪ್ರವಾಸಿಗಳು ದುಡ್ಡು ಹೆಚ್ಚು ಕೊಟ್ಟು ಒತ್ತಾಯಿಸುವುದು ನಿಲ್ಲಬೇಕು. ನೀರು ಮೊಗೆದು ಹಾಕಲು ಒಂದು ಡಬ್ಬಿ ಒಳಗಿದೆಯೇ ಎಂದು ಹತ್ತುವ ಮುಂಚೆ ನೋಡಿ, ಇಲ್ಲದಿದ್ದರೆ ಹತ್ತಬೇಡಿ.

ಲೈಫ್ ಜಾಕೆಟ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಇರುವುದೇ ಸಾಕೆಂಬ ಭಾವನೆ ಇದೆ. ಒಳಗಿನ ಫೋಮ್ ಬಿಸಿಲಿಗೆ ಸುಟ್ಟು, ಜನ ಅದರ ಮೇಲೆ ಕೂತು ಕೂತು ಚಪ್ಪಟೆಯಾದರೆ ತೇಲಿಸುವ ಶಕ್ತಿ ಹೋಗುತ್ತದೆ. ಹೊರಗಿನ ಕಿತ್ತಳೆ ಬಣ್ಣ ಮಾತ್ರ ಹಾಗೇ ಇರುತ್ತದೆ. ಪರೀಕ್ಷಿಸುವುದು ಸುಲಭ. ವಯಸ್ಕರ ಜಾಕೆಟ್ ಕನಿಷ್ಠ 5 ಕೆ.ಜಿ. ಭಾರ ಎತ್ತಿ ಹಿಡಿಯಬೇಕು. ನಮ್ಮ ಗುಡ್ಡದ ಗ್ರಾನೈಟ್ ಕಲ್ಲು ಗಾಳಿಯಲ್ಲಿ 8 ಕೆ.ಜಿ. ತೂಗಿದರೆ ನೀರಿನೊಳಗೆ 5 ಕೆ.ಜಿ. ತೂಗುತ್ತದೆ. ಅಂಥ ಕಲ್ಲನ್ನು ಜಾಕೆಟ್ಟಿಗೆ ಕಟ್ಟಿ ದಂಡೆಯ ಪಕ್ಕ ಒಂದು ಗಂಟೆ ನೀರಲ್ಲಿ ಬಿಡಿ. ಮುಳುಗಿದ ಜಾಕೆಟ್ಟನ್ನು ಅಲ್ಲೇ ಹರಿದು ಹಾಕಬೇಕು, ಮತ್ತೆ ಗೂಟಕ್ಕೆ ನೇತುಹಾಕಬಾರದು. ತಿಂಗಳಿಗೊಮ್ಮೆ ಇದನ್ನು ಎಲ್ಲರ ಎದುರು ಮಾಡಿದರೆ ಖರ್ಚೂ ಇಲ್ಲ. ತೊಟ್ಟ ಮೇಲೆ ಹೆಗಲ ಪಟ್ಟಿ ಹಿಡಿದು ಮೇಲೆತ್ತಿದಾಗ ಜಾಕೆಟ್ ಗದ್ದ ದಾಟಿ ಕಿವಿಗೆ ಬಂದರೆ ಅದು ಸಡಿಲ, ನೀರಲ್ಲಿ ಮೈಯಿಂದ ಕಳಚಿಕೊಳ್ಳುತ್ತದೆ. ಮಕ್ಕಳಿಗೆ ತೊಡೆಸಂದಿನ ಪಟ್ಟಿ ಇರುವ ಸಣ್ಣ ಜಾಕೆಟ್ ಬೇರೆಯೇ ಬೇಕು. ದೊಡ್ಡವರದನ್ನು ಸುತ್ತಿ ಕಟ್ಟುವುದು ಏನೂ ತೊಡಿಸದಷ್ಟೇ ಕೆಟ್ಟದ್ದು.

ಮುಳುಗುವವರು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತ ಬೀಳುತ್ತ ಇರುವಾಗ ಉಸಿರು ಎಳೆಯಲಿಕ್ಕೇ ಹೊತ್ತು ಸಾಲದು. ಜೊತೆಯವರು ಹಿಂದೆಯೇ ಧುಮುಕುವುದರಿಂದ ಒಬ್ಬರ ಬದಲು ಇಬ್ಬರು, ಮೂವರು ಹೋಗುತ್ತಾರೆ. ಕೈಗೆ ಕೋಲು, ಸೀರೆ, ಪಂಚೆ ಚಾಚಿ, ದಂಡೆಯ ಮೇಲೆ ಮಲಗಿ ಎಳೆಯಿರಿ. ದೂರವಿದ್ದರೆ 5 ಲೀಟರಿನ ಖಾಲಿ ಕ್ಯಾನಿಗೆ ಅರ್ಧ ಲೀಟರ್ ನೀರು ತುಂಬಿ, ಮುಚ್ಚಳ ಬಿಗಿದು, ಹಗ್ಗ ಕಟ್ಟಿ ಎಸೆಯಿರಿ. ಅಷ್ಟು ನೀರಿದ್ದರೆ ಮಾತ್ರ ಅದು ಗಾಳಿಗೆ ಹಾರದೆ ಗುರಿಗೆ ಬೀಳುತ್ತದೆ. ಮೇಲೆ ತಂದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅಮುಕುವುದು ಇನ್ನೂ ನಡೆಯುತ್ತಿದೆ. ಇದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಾಟ ನಿಂತಿದ್ದರೆ ಮೊದಲು ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಿ. ಆಮೇಲೆ ಎದೆಯ ನಡುವೆ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಊದಿ, ಇದನ್ನೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಬಂಡೆಗಳ ಸಂದಿಯಲ್ಲಿ ಸಿಗ್ನಲ್ ಸಿಗದಿದ್ದರೆ ರಸ್ತೆಗೆ ಓಡಬೇಕು. ಚೇತರಿಸಿಕೊಂಡವರೂ ಆಸ್ಪತ್ರೆಗೆ ಹೋಗಲೇಬೇಕು. ಉಸಿರಿನ ತೊಂದರೆ ಗಂಟೆಗಳ ನಂತರವೂ ಬರಬಹುದು.

ಗುಡ್ಡ ಹತ್ತುವವರಿಗೆ ಒಂದೆರಡು ಮಾತು. ಬಂಡೆಯ ಮೇಲಿನ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ಜಾಗ, ಒದ್ದೆಯಾದರೆ ಅಲ್ಲಿ ಕಾಲು ನಿಲ್ಲುವುದಿಲ್ಲ. ಚಾಚಿದ ಬಂಡೆಗಳ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ, ಹತ್ತಿರ ಹೊಗೆ ಹಾಕುವುದು, ಡ್ರೋನ್ ಹಾರಿಸುವುದು ಬೇಡ. ಈ ಸೀಮೆಯಲ್ಲಿ ಚಿರತೆ, ಕರಡಿ ಇವೆ. ಹೊತ್ತು ಮುಳುಗುವ ಮೊದಲೇ ಇಳಿಯಿರಿ. ಬಾಟಲಿ, ತಟ್ಟೆ, ಉಳಿದ ಅನ್ನ ಯಾವುದನ್ನೂ ನೀರಿಗೆ ಹಾಕಬೇಡಿ. ಸಿಂಧನೂರು, ಮಾನ್ವಿಯ ಕುಡಿಯುವ ನೀರಿನ ಕೆರೆಗಳು ತುಂಬುವುದು ಇದೇ ಕಾಲುವೆಯಿಂದ.

ಜಿಲ್ಲಾಡಳಿತ ಮತ್ತು ನೀರಾವರಿ ಇಲಾಖೆಯಲ್ಲಿ ನಮ್ಮ ಕೋರಿಕೆ ಇಷ್ಟು. ಜಲಾಶಯದ ದಂಡೆಯಲ್ಲಿ ಆ ದಿನದ ಹರಿವು, ಮಟ್ಟ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಕನ್ನಡ, ತೆಲುಗು, ಹಿಂದಿಯಲ್ಲಿ ಬರೆದ ಫಲಕ. ನಾಲ್ಕೈದು ಕಡೆ ಬಂಡೆಗೆ ಅಡಿ ಲೆಕ್ಕದ ಬಣ್ಣದ ಗುರುತು. ಕಾಲುವೆಗೆ ಏಣಿ, ಹಗ್ಗ. ಹರಿಗೋಲಿಗೆ ನೋಂದಣಿ ಸಂಖ್ಯೆ, ಜನಮಿತಿ, ಜಾಕೆಟ್ ಪರೀಕ್ಷೆ. ಹುಟ್ಟು ಹಾಕುವವರಿಗೆ ಪ್ರಾಣರಕ್ಷಣೆಯ ತರಬೇತಿ ಮತ್ತು ಅದಕ್ಕೆ ತಕ್ಕ ಸಂಭಾವನೆ. ಗುರುತು ಬರೆಯುವುದು, ಏಣಿ ಹೂಳುವುದು ನೀರು ತಗ್ಗಿದಾಗ ಮಾತ್ರ ಸಾಧ್ಯ. ಎರಡನೇ ಬೆಳೆಯ ನೀರು ನಿಂತು ಕಾಲುವೆ ದುರಸ್ತಿಗೆ ಇಳಿಯುವ ಏಪ್ರಿಲ್‌ನಿಂದ ಜೂನ್ ನಡುವೆಯೇ, ದುರಸ್ತಿಯ ಟೆಂಡರಿನೊಳಗೆ ಇವನ್ನೂ ಸೇರಿಸಿ ಮುಗಿಸಬೇಕು. ಜುಲೈನಲ್ಲಿ ನೀರು ಬಂದ ಮೇಲೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.

ಇಂತಿ,
ಸಾಣಾಪುರ ಭಾಗದ ಓದುಗರು,
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ